ನೂರಕ್ಕೆ ನೂರು ಕೊಟ್ಟ ತರಗತಿ

ಫೋನು ಮೊದಲ ಸಲ ನಡುಗಿದಾಗ ಬಸ್ಸು ಆಸ್ಪತ್ರೆಯ ತಿರುವಿನಲ್ಲಿತ್ತು. ಅವಳು ಸೊಂಟವನ್ನು ಸೀಟಿನ ಕಂಬಿಗೆ ಆನಿಸಿ, ಎಡಗೈಯಲ್ಲಿ ಟಿಕೆಟ್ ಯಂತ್ರ ಹಿಡಿದು, ಬಲಗೈಯ ಬೆರಳ ಸಂದಿಗಳಲ್ಲಿ ಉದ್ದಕ್ಕೆ ಮಡಚಿದ ನೋಟುಗಳನ್ನು ಸಿಕ್ಕಿಸಿಕೊಂಡು ನಿಂತಿದ್ದಳು. ತಿರುವು ಮುಗಿಯುವಷ್ಟರಲ್ಲಿ ಫೋನು ಇನ್ನೆರಡು ಸಲ ನಡುಗಿತು. ಆಮೇಲೆ ನಿಲ್ಲಲೇ ಇಲ್ಲ. ಅಂಗಿಯ ಜೇಬಿಗೆ ಜೀರುಂಡೆ ಹೊಕ್ಕಂತೆ ಬಿಟ್ಟು ಬಿಟ್ಟು ಗುಂಯ್‌ಗುಟ್ಟುತ್ತಿತ್ತು.

"ಚಿಲ್ಲರಕ್ಕ, ನನ್ನ ಬಾಕಿ?" ಎಂದ ಬಾಗಿಲ ಬಳಿಯ ಮುದುಕ.

"ಕೊಡ್ತೀನಿ ತಾತ. ಓಡ್ತಿರೋದು ಬಸ್ಸು, ನಾನಲ್ಲ."

"ಬಸ್ಸಿನ ಜೊತೆ ನೀನೂ ಓಡ್ತಿದೀಯಲ್ಲ."

"ನೀವೂ ಓಡ್ತಿದೀರಿ. ಅಲ್ಲಿಗೆ ಲೆಕ್ಕ ಸರಿಹೋಯ್ತು."

ಬಾಕಿಯನ್ನು ಟಿಕೆಟ್ಟಿನ ಹಿಂದೆ ಗೀಚಿಕೊಟ್ಟು ಮರೆತುಬಿಡುವ ಕಂಡಕ್ಟರುಗಳಿಗೆ ಆ ದಾರಿಯಲ್ಲಿ ಬರವಿರಲಿಲ್ಲ. ಅವಳು ಗೀಚುತ್ತಲೂ ಇರಲಿಲ್ಲ, ಮರೆಯುತ್ತಲೂ ಇರಲಿಲ್ಲ. ಯಾರು ಎಲ್ಲಿ ಹತ್ತಿದರು, ಯಾರಿಗೆ ಎಷ್ಟು ಹಿಂದಿರುಗಿಸಬೇಕು ಎನ್ನುವುದು ಮುಖದ ಜೊತೆಗೇ ಅವಳ ತಲೆಯಲ್ಲಿ ಕೂರುತ್ತಿತ್ತು. ಚಿಲ್ಲರಕ್ಕ ಎಂಬ ಹೆಸರು ಬಂದದ್ದು ಹಾಗೆ. ಡಿಪೋದ ಹಾಜರಿ ಗುಮಾಸ್ತನ ಬಾಯಲ್ಲೂ ಈಗ ಅದೇ ಹೆಸರು.

ಕೊನೆಯ ನಿಲ್ದಾಣದಲ್ಲಿ ಬಸ್ಸು ಖಾಲಿಯಾದ ಮೇಲೆ ಅವಳು ಹಿಂದಿನ ಸೀಟಿನಲ್ಲಿ ಕೂತು ಫೋನು ತೆಗೆದಳು. ಮಗಳ ಏಳನೇ ತರಗತಿಯ ಪೋಷಕರ ಗುಂಪು. ಕ್ಲಾಸ್ ಟೀಚರ್ ಹಾಕಿದ ಸಂದೇಶ ಮೇಲಿತ್ತು. ಅದರ ಕೆಳಗೆ ಚಪ್ಪಾಳೆಯ ಚಿತ್ರಗಳು ಸಾಲುಗಟ್ಟಿದ್ದವು.

'ಎಲ್ಲ ಪೋಷಕರಿಗೆ ಅಭಿನಂದನೆ. ಫ್ಯಾನುಗಳ ನಿಧಿಗೆ ನೂರಕ್ಕೆ ನೂರು ಪೋಷಕರು ಸ್ವಂತ ಇಷ್ಟದಿಂದ ಕೊಟ್ಟ ಏಕೈಕ ತರಗತಿ ನಮ್ಮದು. ಈ ಉತ್ಸಾಹವನ್ನು ಮೆಚ್ಚಿ, ಶುದ್ಧ ನೀರಿನ ಯಂತ್ರದ ಜವಾಬ್ದಾರಿಯನ್ನೂ ಮುಖ್ಯೋಪಾಧ್ಯಾಯರು ನಮಗೇ ವಹಿಸಿದ್ದಾರೆ. ತಲಾ ಮೊತ್ತ ಕಳೆದ ಸಲದ ಎರಡರಷ್ಟು. ಶನಿವಾರ ಸಂಜೆ ಸಭೆ. ಸಂಗ್ರಹ ಎಂದಿನಂತೆ.'

ಎಂದಿನಂತೆ ಎಂದರೆ ಅವಳು.

ಡ್ರೈವರ್ ಬೀಡಿ ಹಚ್ಚಲು ಇಳಿಯುತ್ತಿದ್ದವನು ಅವಳ ಮುಖ ನೋಡಿ ನಿಂತ. ಹನ್ನೊಂದು ವರ್ಷ ಅವಳ ಜೊತೆ ಒಂದೇ ಬಸ್ಸಿನಲ್ಲಿ ದುಡಿದವನು. ಅವಳು ಅವನನ್ನು ಮಾವ ಎನ್ನುತ್ತಿದ್ದಳು.

"ಯಾರು ಹೋದ್ರೇ?"

"ಯಾರೂ ಹೋಗಿಲ್ಲ ಮಾವ. ಬರ್ತಿದೆ."

"ಏನು?"

"ನೀರಿನ ಯಂತ್ರ."

ಅವನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲಿಲ್ಲ. ಹೇಳಬೇಕಾದರೆ ಮೊದಲಿನಿಂದ ಹೇಳಬೇಕಿತ್ತು.

ಆ ಶಾಲೆ ಸರ್ಕಾರದ್ದು. ಗೇಟಿನ ಮೇಲೆ 'ಉಚಿತ ಶಿಕ್ಷಣ' ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ವರ್ಷದ ಮೊದಲ ಸಭೆಯಲ್ಲಿ ಟೀಚರ್ ಅದನ್ನೇ ಒತ್ತಿ ಹೇಳಿದ್ದರು. "ನಾವು ಹಣ ಕೇಳೋ ಹಾಗಿಲ್ಲ, ಮುಟ್ಟೋ ಹಾಗೂ ಇಲ್ಲ. ನೀವಾಗೇ ಇಷ್ಟಪಟ್ಟು ಕೊಡಬೇಕು. ಮುಂದಿನ ಮಂಗಳವಾರದೊಳಗೆ." ಯಾರೋ ಹಿಂದಿನಿಂದ ನಕ್ಕಿದ್ದರು. ಟೀಚರ್ ಕೂಡ ಸ್ವಲ್ಪ ನಕ್ಕಿದ್ದರು. ಟೀಚರ್ ಮುಟ್ಟುವ ಹಾಗಿಲ್ಲದ ಮೇಲೆ ಪೋಷಕರಲ್ಲೇ ಒಬ್ಬರು ಕೂಡಿಸಬೇಕು. ಔಷಧಿ ಅಂಗಡಿಯವನು ಅವಳತ್ತ ಕೈ ತೋರಿಸಿದ್ದ. "ಈ ಅಮ್ಮ ಕಂಡಕ್ಟರ್ ಅಲ್ವಾ? ಇವರ ಕೈಯಿಂದ ಯಾವನು ತಪ್ಪಿಸಿಕೊಳ್ತಾನೆ?" ಎಲ್ಲರೂ ತಿರುಗಿ ನೋಡಿದಾಗ ಅವಳಿಗೆ ಒಳಗೊಳಗೇ ಹೆಮ್ಮೆಯಾಗಿದ್ದು ಸುಳ್ಳಲ್ಲ.

ಶಾಲೆಯ ಗೇಟಿನ ಹತ್ತಿರ, ಬಸ್ಸಿನಲ್ಲಿ, ಸಂತೆಯ ದಾರಿಯಲ್ಲಿ ಸಿಕ್ಕಸಿಕ್ಕಲ್ಲಿ ಕೇಳಿದ್ದಳು. ತಲೆಗೆ ಅವಳ ಅರ್ಧ ದಿನದ ಸಂಬಳದಷ್ಟು. ಮೂವತ್ತನಾಲ್ಕು ಮಕ್ಕಳಲ್ಲಿ ಇಪ್ಪತ್ತಮೂರು ಮಕ್ಕಳ ಮನೆಯವರು ಕೊಟ್ಟರು. ಉಳಿದ ಹನ್ನೊಂದು ಮನೆಯವರು ಮುಂದಿನ ವಾರ ಎಂದರು, ಸಂಬಳ ಆಗಲಿ ಎಂದರು. ಒಬ್ಬ ಅವಳ ಬಸ್ಸನ್ನೇ ಬಿಟ್ಟು ಹಿಂದಿನ ಬಸ್ಸಿಗೆ ಹತ್ತತೊಡಗಿದ. ಬ್ಯೂಟಿ ಪಾರ್ಲರ್ ನಡೆಸುವ ಹೆಂಗಸು "ಫೋನಲ್ಲೇ ಹಾಕ್ತೀನಿ ಡಿಯರ್" ಎಂದು ಮೂರು ಸಲ ಹೇಳಿದಳು, ಹಾಕಲಿಲ್ಲ. ಡಿಪೋದಲ್ಲಿ ಬಸ್ಸು ತೊಳೆಯುವ ಪೈಪಮ್ಮ ಮಾತ್ರ ನೆಪ ಹೇಳಿರಲಿಲ್ಲ. ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗಿಟ್ಟು, "ಇಲ್ಲ ಕಣೇ" ಎಂದಿದ್ದಳು. ಅಷ್ಟೇ.

ಡಿಪೋದ ಕೌಂಟರಿನಲ್ಲಿ ಒಂದು ಪದ್ಧತಿಯಿದೆ. ಸಂಜೆ ಯಂತ್ರ ತೋರಿಸುವ ಮೊತ್ತಕ್ಕೂ ಚೀಲದಲ್ಲಿರುವ ಮೊತ್ತಕ್ಕೂ ತಾಳೆಯಾಗಬೇಕು. ಕಡಿಮೆ ಬಿದ್ದರೆ ಕಂಡಕ್ಟರ್ ತನ್ನ ಜೇಬಿನಿಂದ ಹಾಕಿ ಮನೆಗೆ ಹೋಗುತ್ತಾನೆ. ಯಾಕೆ ಕಡಿಮೆ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಅದು ವಿಚಾರಣೆಯಾಗುತ್ತದೆ, ವಿಚಾರಣೆ ಯಾರಿಗೂ ಬೇಡ. ಹದಿನಾಲ್ಕು ವರ್ಷ ಹಾಗೆ ಚೀಲ ಒಪ್ಪಿಸಿದವಳಿಗೆ ಕೊರತೆ ಎಂದರೆ ಬೇರೆಯವರು ಕೊಡದೆ ಉಳಿದದ್ದಲ್ಲ, ತಾನು ವಸೂಲಿ ಮಾಡದೆ ಬಿಟ್ಟದ್ದು. ಮಂಗಳವಾರ ಬಂತು. ಅವಳು ಹನ್ನೊಂದು ಪಾಲನ್ನೂ ಸೇರಿಸಿ ಫ್ಯಾನಿನ ಅಂಗಡಿಗೆ ಕಟ್ಟಿಬಂದು, 'ಪೂರ್ತಿ ಆಯ್ತು' ಎಂದು ಟೀಚರಿಗೆ ಸಂದೇಶ ಕಳಿಸಿದಳು. ಅದು ದಾನವೂ ಆಗಿರಲಿಲ್ಲ, ದಯೆಯೂ ಆಗಿರಲಿಲ್ಲ. ಕೈಗೆ ಅಂಟಿಕೊಂಡ ಅಭ್ಯಾಸ. ಅದರ ಬಗ್ಗೆ ಎರಡನೇ ಸಲ ಯೋಚಿಸಿಯೂ ಇರಲಿಲ್ಲ.

ಮಧ್ಯಾಹ್ನ ಬಸ್ಸು ಡಿಪೋಕ್ಕೆ ಬಂದಾಗ ಪೈಪಮ್ಮ ತೊಳೆಯುವ ಕಟ್ಟೆಯ ಮೇಲೆ ಕಾಯುತ್ತಿದ್ದಳು. ಮೊಣಕಾಲವರೆಗೆ ರಬ್ಬರ್ ಬೂಟು, ಸೊಂಟಕ್ಕೆ ಪ್ಲಾಸ್ಟಿಕ್ ಹಾಳೆ. ಬಸ್ಸಿನ ಮುಂದಿನ ಗಾಜಿಗೆ ನೀರು ಬಿಡುತ್ತಲೇ ಮಾತಿಗೆ ಶುರುಮಾಡಿದಳು. ನೀರಿನ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವಳ ದನಿ ಯಾವಾಗಲೂ ಜಗಳದ್ದೇ.

"ಮಗಳು ಓದಿ ಹೇಳಿದ್ಲು. ನೂರಕ್ಕೆ ನೂರಂತೆ?"

"ಹ್ಞೂಂ. ಹಾಗಂತ ಹಾಕಿದಾರೆ."

"ನಾನು ಕೊಟ್ಟಿಲ್ಲ."

ಚಿಲ್ಲರಕ್ಕ ಚೀಲದ ಜಿಪ್ಪು ಎಳೆದಳು, ಮತ್ತೆ ತೆಗೆದಳು.

"ನಾನು ಕೊಟ್ಟಿಲ್ಲ, ಆದ್ರೂ ನೂರಾಯ್ತು. ಹಂಗಂದ್ರೆ ನಮ್ಮನ್ನ ಬಿಟ್ಟು ಎಣಿಸಿದಾರೆ ಅಂತ ತಾನೇ? ನಾನೂ ನನ್ನ ಮಗಳೂ ಲೆಕ್ಕಕ್ಕೇ ಇಲ್ಲ."

"ಹಾಗಲ್ಲ..."

"ಮತ್ತೆ ಹೇಗೆ? ಎಲ್ಲರೂ ಕೊಟ್ರು, ನಾನೊಬ್ಬಳು ಬಿಟ್ಟೆ. ಈ ಹುಡುಗಿ ಏನು ಮಾಡ್ತಾಳೆ ಗೊತ್ತಾ? ಮೂಲೆ ಬೆಂಚಿಗೆ ಹೋಗಿ ಕೂತಿದಾಳಂತೆ. ಯಾಕೇ ಅಂದ್ರೆ, ಅಲ್ಲಿಗೆ ಫ್ಯಾನಿನ ಗಾಳಿ ಬರಲ್ಲಮ್ಮ ಅಂತಾಳೆ. ನಾವು ಕೊಟ್ಟಿಲ್ಲವಲ್ಲ, ಅದಕ್ಕೆ."

ನೀರು ಗಾಜಿನಿಂದ ಚಕ್ರಕ್ಕೆ ಇಳಿಯಿತು. ಪೈಪಮ್ಮ ಚಕ್ರದ ಕೆಸರಿಗೆ ಧಾರೆ ಹಿಡಿದಳು.

"ಉಚಿತ ಅಂತಾರೆ. ಮೊದಲು ಬೆಲ್ಟು. ಆಮೇಲೆ ಬಿಳಿ ಶೂ ಬೇರೆ, ಕರಿ ಶೂ ಬೇರೆ. ಪರೀಕ್ಷೆ ಪೇಪರು ಜೆರಾಕ್ಸ್ ಮಾಡಿಸೋಕೆ ಅಂತ ಒಂದಷ್ಟು. ಮ್ಯಾಪಿನ ಪುಸ್ತಕ, ಬಣ್ಣದ ಪೇಪರು, ಅಂಟು. ಹೋಮ್‌ವರ್ಕು ಫೋನಿಗೆ ಬರುತ್ತೆ, ಫೋನಿಗೆ ಡೇಟಾ. ಒಂದೊಂದೂ ಚಿಕ್ಕದೇ, ಇಲ್ಲ ಅನ್ನಲ್ಲ. ಇರುವೆನೂ ಚಿಕ್ಕದೇ. ಈಗ ನೀರಿಗೆ ಎರಡರಷ್ಟಂತೆ. ಭಾನುವಾರ ನನ್ನ ತಮ್ಮ ಬರ್ತಾನೆ. ಕರ್ಕೊಂಡು ಹೋಗು ಅಂದಿದೀನಿ."

"ಎಲ್ಲಿಗೆ?"

"ಅವನ ಮನೆಗೆ. ಅಲ್ಲೊಂದು ಶಾಲೆ ಇದೆ ಅಂತಾನೆ. ಅವನ ಹೆಂಡತಿಗೆ ಕೂಸು ಹುಟ್ಟಿದೆ. ನನಗೇನು ಗೊತ್ತಿಲ್ವಾ, ಯಾವ ಶಾಲೆಗೆ ಕಳಿಸ್ತಾಳೆ ಅವಳು ಅಂತ? ಹೊಲಸು ಬಟ್ಟೆ ಒಗೆಯೋ ಶಾಲೆಗೆ."

"ಗೊತ್ತಿದ್ದೂ ಕಳಿಸ್ತೀಯಾ?"

"ಇಲ್ಲಿ ಲೆಕ್ಕಕ್ಕಿಲ್ಲದೆ ಕೂರೋದಕ್ಕಿಂತ ಅಲ್ಲಿ ಕೆಲಸಕ್ಕಾದ್ರೂ ಬೇಕಾಗ್ತಾಳೆ."

ನಾನೇ ಹಾಕಿದೆ ಎನ್ನುವ ಮಾತು ಚಿಲ್ಲರಕ್ಕನ ಗಂಟಲವರೆಗೆ ಬಂತು. ಆದರೆ ಪೈಪಮ್ಮ ಎಂಥವಳೆಂದು ಅವಳಿಗೆ ಗೊತ್ತಿತ್ತು. ಒಮ್ಮೆ ಊಟದ ಡಬ್ಬಿಯಿಂದ ಹೆಚ್ಚಾದ ಪಲ್ಯ ಕೊಟ್ಟಾಗ, ಮರುದಿನ ಅದೇ ಡಬ್ಬಿಗೆ ಅಷ್ಟೇ ಪಲ್ಯ ತುಂಬಿ ತಂದಿಟ್ಟವಳು. ಮಾವ ಆಚೆಯಿಂದ ಹಾರನ್ ಒತ್ತಿದ. ಚಿಲ್ಲರಕ್ಕ ಹೋದಳು.

ಆ ಟ್ರಿಪ್ಪಿನಲ್ಲಿ ಒಬ್ಬಳಿಗೆ ಎರಡು ಸಲ ಟಿಕೆಟ್ ಕೊಟ್ಟಳು. ಕೊಡದವಳು ತಾನೊಬ್ಬಳೇ ಎಂದುಕೊಂಡವಳು ಪೈಪಮ್ಮ. ಹಾಗಾದರೆ ಉಳಿದ ಹತ್ತು ಮನೆಯವರೂ ಹಾಗೇ ಅಂದುಕೊಂಡಿರಬೇಕು. ಹಿಂದಿನ ಬಸ್ಸಿಗೆ ಹತ್ತುವವನು ಕೂಡ. ಎಲ್ಲರೂ ಕೊಟ್ಟರು, ನಾನೊಬ್ಬ ಬಿಟ್ಟೆ. ಹನ್ನೊಂದು ಮನೆಯಲ್ಲಿ ಹನ್ನೊಂದು ಜನ ಒಬ್ಬೊಬ್ಬರೇ. ಅವರನ್ನು ಹಾಗೆ ಬೇರೆ ಬೇರೆ ಕೂರಿಸಿದವಳು ತಾನು.

"ಅಕ್ಕ, ನಿಲ್ಲಿಸಿ. ನನ್ನ ಸ್ಟಾಪು ಹೋಯ್ತು," ಎಂದು ಯಾರೋ ಕೂಗಿದಾಗ ಸೀಟಿ ಹೊಡೆದಳು.

ಸಂಜೆಯ ಪಾಳಿಗೆ ಮುಂಚೆ ಸಿಗುವ ಬಿಡುವಿನಲ್ಲಿ ಶಾಲೆಗೆ ಹೋದಳು. ಮಕ್ಕಳು ಹೊರಟಾಗಿತ್ತು. ಕ್ಲಾಸ್ ಟೀಚರ್ ಖಾಲಿ ತರಗತಿಯಲ್ಲಿ ಉತ್ತರ ಪತ್ರಿಕೆ ತಿದ್ದುತ್ತಿದ್ದರು. ತಲೆಯ ಮೇಲೆ ನಾಲ್ಕರಲ್ಲಿ ಒಂದು ಫ್ಯಾನು ತಿರುಗುತ್ತಿತ್ತು. ಪತ್ರಿಕೆ ಹಾರದಂತೆ ಡಸ್ಟರ್ ಹೇರಿದ್ದರು.

"ಮೇಡಂ, ಆ ನೂರಕ್ಕೆ ನೂರು ಅಂದಿರಲ್ಲ. ಅದು ಸರಿಯಿಲ್ಲ. ಹನ್ನೊಂದು ಜನ ಕೊಟ್ಟಿಲ್ಲ. ನಾನೇ ಹಾಕಿದ್ದು."

ಟೀಚರ್ ಪೆನ್ನಿನ ಮುಚ್ಚಳ ಹಾಕಿದರು. "ಯಾಕೆ ಹಾಕಿದ್ರಿ?"

"ಕಡಿಮೆ ಬಿತ್ತಲ್ಲ."

"ಕಡಿಮೆ ಬಿದ್ರೆ ಮೂರು ಫ್ಯಾನು ಹಾಕಿಸ್ತಿದ್ವಿ."

ಅವಳು ಮೇಲೆ ನೋಡಿದಳು. ಈ ಉತ್ತರ ಅವಳ ತಲೆಗೆ ಹೊಳೆದೇ ಇರಲಿಲ್ಲ. ಡಿಪೋದಲ್ಲಿ ಮೂರು ಫ್ಯಾನು ಎನ್ನುವ ದಾರಿಯೇ ಇಲ್ಲ.

"ಹಾಗಾದ್ರೆ ಈಗ ಗುಂಪಿನಲ್ಲಿ ಹಾಕಿಬಿಡಿ ಮೇಡಂ. ಎಲ್ಲರೂ ಕೊಟ್ಟಿಲ್ಲ ಅಂತ."

"ಹೇಗೆ ಹಾಕ್ಲಿ? ದೊಡ್ಡ ಮೇಷ್ಟ್ರು ಮೇಲಕ್ಕೆ ವರದಿ ಕಳಿಸಿಯಾಗಿದೆ. ನಾನು ಹಣದ ಹತ್ತಿರವೇ ಹೋಗಿಲ್ಲ ಅಂತ ಸಹಿ ಹಾಕಿದೀನಿ. ಯಾರು ಕೊಟ್ರು ಯಾರು ಬಿಟ್ರು ಅನ್ನೋದು ನನಗೆ ಗೊತ್ತೇ ಇರಬಾರದು."

"ಈಗ ಗೊತ್ತಾಯ್ತಲ್ಲ."

"ಇಲ್ಲ," ಎಂದರು ಟೀಚರ್ ನಿಧಾನವಾಗಿ, "ಗೊತ್ತಾಗಿಲ್ಲ."

ಆಮೇಲೆ ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಮಾರ್ಕರುಗಳು, ಪ್ರಿಂಟರಿನ ಶಾಯಿಯ ಡಬ್ಬಿ, ಒಂದು ಕಟ್ಟು ಕಾಗದ, ಗಾಯಕ್ಕೆ ಅಂಟಿಸುವ ಪಟ್ಟಿ. "ಇಷ್ಟೂ ನನ್ನ ಸಂಬಳದ್ದು. ನಾನು ಯಾವ ಗುಂಪಿನಲ್ಲಿ ಹಾಕ್ಲಿ ಹೇಳಿ." ಡ್ರಾಯರ್ ಮುಚ್ಚಿಕೊಳ್ಳಲು ಒದ್ದಾಡಿತು. ಟೀಚರ್ ಮೊಣಕಾಲಿನಿಂದ ತಳ್ಳಿದರು. "ನೋಡಿ, ಈ ಸಲ ಇನ್ನೊಂದೆರಡು ವಾರ ಹೆಚ್ಚು ಕೊಡೋಣ. ಹಣ ಕೂಡಿಸೋರ ಪಾಲು ಬೇಡ ಅಂತ ದೊಡ್ಡ ಮೇಷ್ಟ್ರಿಗೆ ನಾನೇ ಹೇಳ್ತೀನಿ. ನಿಮಗೂ ಅಷ್ಟು ಉಳೀತು. ಹೇಗೋ ಒಂದು ಮಾಡಿ ಅಮ್ಮ. ನೀವು ಚೆನ್ನಾಗಿ ಮಾಡ್ತೀರಿ."

ಟೀಚರ್ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಚಿಲ್ಲರಕ್ಕ ಗೇಟಿನವರೆಗೂ ಪ್ರಯತ್ನಿಸಿದಳು. ಆಗಲಿಲ್ಲ.

ಮನೆಯಲ್ಲಿ ಗಂಡ ಗಂಜಿಯಂತೆ ಕಲಸಿದ ಅನ್ನವನ್ನು ಬಾಯಿಯ ಒಂದೇ ಬದಿಯಲ್ಲಿ ನುರಿಯುತ್ತಿದ್ದ. ಪೀಠೋಪಕರಣಕ್ಕೆ ಪಾಲಿಶ್ ಹಾಕುವ ಕೆಲಸ ಅವನದು. ಉಗುರುಗಳೆಲ್ಲ ಕಂದು. ದವಡೆಯ ಹಲ್ಲು ಕೀಳಿಸಬೇಕೆಂದು ಎರಡು ತಿಂಗಳಿಂದ ಮುಂದೂಡುತ್ತಿದ್ದ. ಮುಂದೂಡಿಸಿದವಳು ಅವಳೇ. ಯಾಕೆಂದು ಈಗ ಹೇಳಿದಳು.

ಅವನು ಅಗಿಯುವುದನ್ನು ನಿಲ್ಲಿಸಿದ.

"ಅಂದ್ರೆ ನನ್ನ ಹಲ್ಲು ಶಾಲೆಯಲ್ಲಿ ತಿರುಗ್ತಿದೆ."

"ತಮಾಷೆ ಬೇಡ."

"ತಮಾಷೆ ಎಲ್ಲಿ ಬಂತು? ಊರಿಗೆ ಉಪಕಾರ ಮಾಡಬೇಡ ಅಂತ ಹಿರಿಯರು ಸುಮ್ನೆ ಹೇಳಿದ್ರಾ? ಉಪಕಾರ ಮಾಡು, ಬೇಡ ಅನ್ನಲ್ಲ. ಹೇಳಿ ಮಾಡು. ಹೇಳದೆ ಮಾಡಿದ್ರೆ ಅದು ಉಪಕಾರ ಅಲ್ಲ, ಕಳ್ಳತನ."

"ನನ್ನ ದುಡ್ಡು ಹಾಕಿದ್ದು ಕಳ್ಳತನವಾ?"

"ಅವರಿಗೆ ಇಲ್ಲ ಅನ್ನೋಕೆ ಒಂದು ಬಾಯಿತ್ತು. ಅದನ್ನ ಕದ್ದೆ."

ಇಷ್ಟು ಹೇಳಿ ಅವನು ಮತ್ತೆ ನುರಿಯತೊಡಗಿದ. ಅಪರೂಪಕ್ಕೆ ಒಂದು ಒಳ್ಳೆಯ ಮಾತು ಹೇಳಿದವನಂತೆ ಅವನಿಗೇ ಸ್ವಲ್ಪ ಆಶ್ಚರ್ಯವಾದ ಹಾಗಿತ್ತು. ಮಗಳು ಗೋಡೆಗೆ ಒರಗಿ ಪುಸ್ತಕದ ಮೇಲೆ ತಲೆ ಬಗ್ಗಿಸಿದ್ದಳು, ಎಲ್ಲವೂ ಕೇಳಿಸುತ್ತಿತ್ತು.

"ಅಮ್ಮ, ನೀನು ಸಭೆಯಲ್ಲಿ ಏನಾದ್ರೂ ಹೇಳ್ತೀಯಾ?"

"ಯಾಕೆ?"

"ಹೇಳಿದ್ರೆ ಮೇಡಂಗೆ ನನ್ನ ಮೇಲೆ ಕೋಪ ಬರುತ್ತೆ." ಪುಟ ತಿರುಗಿಸಿದಳು. "ಹೇಳದಿದ್ರೆ ಮೂಲೆ ಬೆಂಚಿನವಳು ಹೋಗ್ತಾಳೆ. ನನಗೆ ಗೊತ್ತು, ಅವಳೇ ಹೇಳಿದ್ಲು."

"ನೀನೇನಂದೆ?"

"ಫ್ಯಾನಿನ ಕೆಳಗೆ ಬಾ ಅಂದೆ. ಬರಲ್ಲ ಅಂದ್ಲು."

ಮರುದಿನವೆಲ್ಲ ಚಿಲ್ಲರಕ್ಕ ಗುಂಪಿಗೆ ಸಂದೇಶ ಬರೆದು ಬರೆದು ಅಳಿಸಿದಳು. 'ಕೆಲವರು ಕೊಟ್ಟಿರಲಿಲ್ಲ' ಎಂದರೆ ಯಾರು ಎಂಬ ಪ್ರಶ್ನೆ ಬರುತ್ತದೆ. 'ತಪ್ಪು ನನ್ನದು' ಎಂದರೆ ಹಣ ತಿಂದಳು ಎಂದುಕೊಳ್ಳುತ್ತಾರೆ. ಎರಡು ನಿಲ್ದಾಣಗಳ ನಡುವೆ ಒಂದು ವಾಕ್ಯ ಸರಿಯಾಗುತ್ತಿತ್ತು, ಮುಂದಿನ ನಿಲ್ದಾಣಕ್ಕೆ ಹಾಳಾಗುತ್ತಿತ್ತು. ಚಹಾದ ಹೊತ್ತಿಗೆ ಮಾವನಿಗೆ ಪೂರ್ತಿ ಹೇಳಿದಳು.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರೆ," ಎಂದ ಅವನು. "ನಿನ್ನ ಕೇಸು ಅದಕ್ಕಿಂತ ಕೆಟ್ಟದ್ದು. ಇಲ್ಲಿ ಇಸ್ಕೊಂಡೋರಿಗೆ ಇಸ್ಕೊಂಡಿದ್ದೇ ಗೊತ್ತಿಲ್ಲ. ಕೋಡಂಗಿ ಒಬ್ಬಳೇ."

"ಏನು ಮಾಡ್ಲಿ ಮಾವ?"

"ರಿವರ್ಸ್ ತಗೋ."

"ಹಿಂದೆ ಜನ ನಿಂತಿದಾರೆ."

"ಅದಕ್ಕೇ ಕಂಡಕ್ಟರ್ ಅಂತ ಇರೋದು. ಇಳಿದು ಹಿಂದೆ ಹೋಗಿ ನಿಂತು ಕೂಗಬೇಕು. ಬರ್ಲಿ ಬರ್ಲಿ ಅಂತ."

ಶನಿವಾರ ಸಂಜೆ ಪೋಷಕರು ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ಕೂತರು. ಔಷಧಿ ಅಂಗಡಿಯವನು ಮುಂದಿನ ಸಾಲಿನಲ್ಲಿದ್ದ. ಪಾರ್ಲರಿನ ಹೆಂಗಸು ಕಿಟಕಿಯ ಬಳಿ. ಪೈಪಮ್ಮ ಬರುತ್ತಾಳೋ ಇಲ್ಲವೋ ಎಂದು ಚಿಲ್ಲರಕ್ಕ ಬಾಗಿಲನ್ನೇ ನೋಡುತ್ತಿದ್ದಳು. ಅವಳು ಕೊನೆಗೆ ಬಂದು ಮೂಲೆಯ ಬೆಂಚಿನಲ್ಲಿ ಕೂತಳು. ಮಗಳು ಕೂರುವ ಬೆಂಚು ಅದೇ ಇರಬೇಕು. ಬೂಟಿಲ್ಲದ ಅವಳ ಪಾದಗಳು ನೀರಿನಲ್ಲಿ ನೆನೆದು ಬಿಳಿಚಿಕೊಂಡಿದ್ದವು. ನಾಲ್ಕು ಫ್ಯಾನುಗಳೂ ತಿರುಗುತ್ತಿದ್ದವು.

ಮುಖ್ಯೋಪಾಧ್ಯಾಯರು ದಪ್ಪ ದನಿಯ ಮನುಷ್ಯ. ಮಾತಾಡುವಾಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

"ಬೇರೆ ತರಗತಿಯವರನ್ನ ಕೇಳಿದ್ರೆ ಕಷ್ಟ, ಕಷ್ಟ ಅಂತಾರೆ. ಏಳನೇ ತರಗತಿ ನೋಡಿ ಅಂತೀನಿ ನಾನು. ಇಲ್ಲೂ ಅದೇ ಬೀದಿಯವರು, ಅದೇ ಕೆಲಸದವರು. ಒಬ್ಬರು ಇಲ್ಲ ಅಂದಿಲ್ಲ. ಮನಸ್ಸಿದ್ರೆ ಆಗುತ್ತೆ ಅನ್ನೋದಕ್ಕೆ ನೀವೇ ಸಾಕ್ಷಿ."

ಪಾರ್ಲರಿನ ಹೆಂಗಸು ಮೊದಲು ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಪೈಪಮ್ಮ ತಟ್ಟಲಿಲ್ಲ. ಅವಳ ಹಿಂದೆ ಗೋಡೆಗೆ ಒರಗಿ ನಿಂತಿದ್ದವನೂ ತಟ್ಟಲಿಲ್ಲ. ಹಿಂದಿನ ಬಸ್ಸಿನವನು ಅವನೇ.

ಚಿಲ್ಲರಕ್ಕ ಎದ್ದು ನಿಂತಳು. ಕೂತು ಮಾತಾಡಿ ಅವಳಿಗೆ ಅಭ್ಯಾಸವಿರಲಿಲ್ಲ, ಆದರೆ ಅಲುಗಾಡದ ನೆಲದ ಮೇಲೆ ನಿಂತು ಮಾತಾಡಿಯೂ ಅಭ್ಯಾಸವಿರಲಿಲ್ಲ. ಬೆಂಚಿನ ಅಂಚು ಹಿಡಿದಳು.

"ಸರ್, ನೂರಕ್ಕೆ ನೂರು ಆಗಿಲ್ಲ."

ಟೀಚರ್ ಕಿಟಕಿಯ ಹೊರಗೆ ನೋಡಿದರು.

"ಮೂವತ್ತನಾಲ್ಕರಲ್ಲಿ ಇಪ್ಪತ್ತಮೂರು ಬಂತು. ಹನ್ನೊಂದು ಬರಲಿಲ್ಲ. ಕಡಿಮೆ ಬಿದ್ದದ್ದನ್ನ ನಾನು ನನ್ನ ಕೈಯಿಂದ ಹಾಕಿದೆ. ಯಾರೂ ಹಾಕು ಅಂದಿರಲಿಲ್ಲ. ನಮ್ಮ ಡಿಪೋದಲ್ಲಿ ಹಾಗೇ ಮಾಡ್ತೀವಿ, ಆ ರೂಢಿಯ ಮೇಲೆ ಮಾಡಿದೆ. ಅದರಿಂದ ಏನಾಯ್ತು ಅಂದ್ರೆ, ಕೊಡೋಕಾಗದೆ ಇದ್ದೋರೆಲ್ಲ ತಾನೊಬ್ಬನೇ ಅಂದ್ಕೊಂಡ್ರು. ನೀವು ಎಲ್ಲರ ಕೈಲೂ ಆಗುತ್ತೆ ಅಂದ್ಕೊಂಡ್ರಿ. ಎರಡೂ ಸುಳ್ಳು. ಎರಡಕ್ಕೂ ನಾನೇ ಕಾರಣ."

ಔಷಧಿ ಅಂಗಡಿಯವನು ತಿರುಗಿ ಕೂತ.

"ಅಲ್ಲಮ್ಮ, ಕೊಡದೆ ಇದ್ದೋರು ಯಾರು?"

"ಅದು ಬೇಡ."

"ಯಾಕೆ ಬೇಡ? ನಾವು ಕೊಟ್ಟಿದೀವಿ. ನಮ್ಮ ಮಕ್ಕಳ ಗಾಳೀನೇ ಅವರ ಮಕ್ಕಳೂ ಕುಡೀತಿದಾರೆ. ಗೊತ್ತಾಗಬೇಕೋ ಬೇಡವೋ? ಬಸ್ಸಲ್ಲಿ ಟಿಕೆಟ್ ಇಲ್ಲದೋನನ್ನ ನೀವು ಬಿಡ್ತೀರಾ?"

"ಬಿಡಲ್ಲ. ಇಳಿಸ್ತೀನಿ," ಎಂದಳು ಅವಳು. "ಬಸ್ಸಿನ ಮೇಲೆ ಉಚಿತ ಅಂತ ಬರೆದಿಲ್ಲವಲ್ಲ ಅಣ್ಣ."

ಯಾರೋ ಮೂಗಿನಲ್ಲಿ ನಕ್ಕರು. ಮುಖ್ಯೋಪಾಧ್ಯಾಯರು ಬೆನ್ನ ಹಿಂದಿನ ಕೈ ಬಿಚ್ಚಿದರು. "ಇಲ್ಲಿ ಯಾರೂ ಯಾರನ್ನೂ ಬಲವಂತ ಮಾಡಿಲ್ಲ. ಅದನ್ನ ಎಲ್ಲರೂ ಗಮನಿಸಬೇಕು."

ಅಷ್ಟರಲ್ಲಿ ಮೂಲೆಯ ಬೆಂಚು ಕಿರ್ರೆಂದಿತು. ಪೈಪಮ್ಮ ಎದ್ದಿದ್ದಳು. ಅವಳು ಮುಖ್ಯೋಪಾಧ್ಯಾಯರನ್ನು ನೋಡಲಿಲ್ಲ, ಔಷಧಿ ಅಂಗಡಿಯವನನ್ನೂ ನೋಡಲಿಲ್ಲ. ಚಿಲ್ಲರಕ್ಕನನ್ನೇ ನೋಡಿದಳು. ನೀರಿನ ಸದ್ದಿಲ್ಲದ ಜಾಗದಲ್ಲಿ ಅವಳ ದನಿ ಗೋಡೆಗೆ ಬಡಿಯಿತು.

"ನನ್ನದೂ ನೀನೇ ಹಾಕಿದ್ಯಾ?"

ಚಿಲ್ಲರಕ್ಕ ಬೆಂಚಿನ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು.

"ಹೇಳು. ಇಷ್ಟು ಹೇಳಿದವಳಿಗೆ ಇದೇನು ಕಷ್ಟ?"

"ಹ್ಞೂಂ."

"ನಾನು ಇಲ್ಲ ಅಂದಿದ್ದೆ. ನಿನ್ನ ಮುಖ ನೋಡಿ ಇಲ್ಲ ಅಂದಿದ್ದೆ. ಅದನ್ನ ಅವರಿಗೆ ಮುಟ್ಟಿಸೋ ಬದಲು ಮಡಚಿ ಜೇಬಿಗೆ ಹಾಕ್ಕೊಂಡೆ." ಪೈಪಮ್ಮ ಈಗ ಮುಂದಕ್ಕೆ ತಿರುಗಿದಳು. "ಸಾರ್, ನಾನು ಕೊಟ್ಟಿಲ್ಲ. ನೀರಿನ ಯಂತ್ರಕ್ಕೂ ಕೊಡಲ್ಲ. ದಿನಕ್ಕೆ ಹದಿನಾರು ಬಸ್ಸು ತೊಳೀತೀನಿ. ನನ್ನ ಮಗಳು ಮನೆಯಿಂದ ಬಾಟಲೀಲಿ ನೀರು ತರ್ತಾಳೆ. ಅವಳನ್ನ ಲೆಕ್ಕಕ್ಕೆ ಹಿಡೀತೀರೋ ಇಲ್ಲವೋ, ಇವತ್ತೇ ಹೇಳಿಬಿಡಿ. ನಾಳೆ ನನ್ನ ತಮ್ಮ ಬರ್ತಾನೆ. ಅವನಿಗೆ ನಾನು ಉತ್ತರ ಕೊಡಬೇಕು."

ಮುಖ್ಯೋಪಾಧ್ಯಾಯರು ಟೀಚರ್ ಕಡೆ ನೋಡಿದರು.

ಗೋಡೆಗೆ ಒರಗಿ ನಿಂತವನು ಗಂಟಲು ಸರಿಮಾಡಿಕೊಂಡ. "ನಂದೂ ಇಲ್ಲ," ಎಂದ. ಹೇಳಿದ ಮೇಲೆ ಒರಗುವುದನ್ನು ಬಿಟ್ಟು ನೆಟ್ಟಗೆ ನಿಂತ. ನಡುವಿನ ಸಾಲಿನಿಂದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ, ಏಳದೆ ಕೈ ಮಾತ್ರ ಎತ್ತಿದರು. ಅವರು ಅಕ್ಕಪಕ್ಕದ ಮನೆಯವರು, ಒಬ್ಬಳ ವಿಷಯ ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ಅಷ್ಟೇ. ಉಳಿದ ಏಳು ಮಂದಿ ಎಲ್ಲಿ ಕೂತಿದ್ದಾರೆಂದು ಚಿಲ್ಲರಕ್ಕನಿಗೆ ತಿಳಿದಿತ್ತು. ಅತ್ತ ನೋಡದಿರಲು ಅವಳು ಬೋರ್ಡಿನ ಮೇಲೆ ಕಣ್ಣಿಟ್ಟಳು. ಪಾರ್ಲರಿನ ಹೆಂಗಸು ಫೋನಿನ ಪರದೆಯನ್ನು ಸೆರಗಿನಿಂದ ಒರೆಸುತ್ತಿದ್ದಳು.

"ಮಗು ಲೆಕ್ಕದಲ್ಲಿದೆ," ಎಂದರು ಟೀಚರ್. ಯಾರೂ ಅವರನ್ನು ಕೇಳಿರಲಿಲ್ಲ. "ಹಾಜರಿಯಲ್ಲಿ ಅವಳ ಹೆಸರು ನಾನು ದಿನಾ ಕರೀತೀನಿ. ಎಲ್ಲರಿಗಿಂತ ಜೋರಾಗಿ ಹಾಜರ್ ಮೇಡಂ ಅನ್ನೋಳು ಅವಳೇ. ತಾಯಿಯದೇ ದನಿ." ನಂತರ ಮುಖ್ಯೋಪಾಧ್ಯಾಯರ ಕಡೆ ತಿರುಗದೆ, "ಫ್ಯಾನಿನ ಕೆಳಗೆ ಕೂರಿಸ್ತೀನಿ," ಎಂದು ಸೇರಿಸಿದರು.

ಮುಖ್ಯೋಪಾಧ್ಯಾಯರು ನೀರಿನ ಯಂತ್ರದ ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ ಎಂದರು. ಸಂಗ್ರಹದ ಕೆಲಸಕ್ಕೆ ಇನ್ನು ಮುಂದೆ ಬೇರೆಯವರನ್ನು ನೋಡಲಾಗುವುದು ಎಂದೂ ಹೇಳಿದರು. ಔಷಧಿ ಅಂಗಡಿಯವನು ಅದಕ್ಕೆ ತಲೆಯಾಡಿಸಿದ, ತಕ್ಷಣ ಅದು ತನ್ನ ತಲೆಗೇ ಬರಬಹುದೆಂದು ಹೊಳೆದು ಆಡಿಸುವುದನ್ನು ನಿಲ್ಲಿಸಿದ.

ವರಾಂಡದಲ್ಲಿ ಚಿಲ್ಲರಕ್ಕ ಪೈಪಮ್ಮನ ಹಿಂದೆಯೇ ಓಡಿದಳು. ಪೈಪಮ್ಮ ನಿಲ್ಲಲಿಲ್ಲ. ಗೇಟು ದಾಟಿ, ರಸ್ತೆ ದಾಟಿ, ಆಚೆ ಬದಿಯ ಗುಂಪಿನಲ್ಲಿ ಬೆರೆತುಹೋದಳು.

ಭಾನುವಾರ ಚಿಲ್ಲರಕ್ಕನಿಗೆ ರಜೆ. ಬೆಳಿಗ್ಗೆಯೇ ಬಟ್ಟೆ ಒಗೆದಳು, ಒಗೆದದ್ದನ್ನೇ ಮತ್ತೆ ಹಿಂಡಿದಳು. ಎರಡು ಸಲ ಚಪ್ಪಲಿ ಮೆಟ್ಟಿ ಪೈಪಮ್ಮನ ಮನೆಯ ದಾರಿ ಹಿಡಿದು, ಎರಡು ಸಲವೂ ಅರ್ಧದಿಂದ ತಿರುಗಿ ಬಂದಳು. ಹೋಗಿ ಏನೆನ್ನುವುದು? ಕಳಿಸಬೇಡ ಎಂದರೆ, ನೀನ್ಯಾರು ಹೇಳೋಕೆ ಎನ್ನುತ್ತಾಳೆ. ಸರಿಯಾಗಿಯೇ ಎನ್ನುತ್ತಾಳೆ. "ಕೂತ್ಕೋಳೇ, ನೆಲ ಸವೆಯುತ್ತೆ," ಎಂದ ಗಂಡ ಕೆನ್ನೆಗೆ ಕೈಯಿಟ್ಟುಕೊಂಡು. ಅವಳು ಕೂತಳು, ಎದ್ದಳು.

ಸೋಮವಾರ ಬೆಳಗಿನ ಪಾಳಿಗೆ ಡಿಪೋಕ್ಕೆ ಹೋದಾಗ ಪೈಪಮ್ಮ ಅವಳ ಬಸ್ಸನ್ನೇ ತೊಳೆಯುತ್ತಿದ್ದಳು. ಚಿಲ್ಲರಕ್ಕ ಚಕ್ರದ ಪಕ್ಕ ನಿಂತಳು. ನೀರು ಕಾಲಿಗೆ ಸಿಡಿಯಿತು. ಅವಳು ಸರಿಯಲಿಲ್ಲ.

"ಮಗಳು?"

"ಶಾಲೆಗೆ."

"ತಮ್ಮ ಬಂದಿದ್ನಾ?"

"ಬಂದಿದ್ದ. ಊಟ ಮಾಡಿ ಹೋದ."

"ಒಬ್ಬನೇ?"

"ಒಬ್ಬನೇ. ಅವನ ಹೆಂಡತಿ ಫೋನು ಮಾಡಿ ಬಾಯಿಗೆ ಬಂದ ಹಾಗೆ ಬೈದ್ಲು. ಬೈಲಿ." ಪೈಪಮ್ಮ ಬಾಗಿಲ ಮೆಟ್ಟಿಲಿಗೆ ಧಾರೆ ಹಿಡಿದಳು. "ನಿನ್ನ ದುಡ್ಡು ಸಂಬಳದ ದಿನ ಸ್ವಲ್ಪ ಸ್ವಲ್ಪ ಕೊಡ್ತೀನಿ. ಬೇಡ ಅನ್ನಬೇಡ."

"ಅನ್ನಲ್ಲ."

"ಮತ್ತೆ, ನಾನು ಕೆಲವು ದಿನ ನಿನ್ನ ಜೊತೆ ಮಾತಾಡಲ್ಲ."

"ಎಷ್ಟು ದಿನ?"

ಪೈಪಮ್ಮ ಯೋಚಿಸಿದಳು. ನೀರು ಹರಿಯುತ್ತಲೇ ಇತ್ತು.

"ಕೋಪ ಇನ್ನೂ ಪೂರ್ತಿ ಬಂದಿಲ್ಲ," ಎಂದಳು. "ಬಂದ ಮೇಲೆ ಹೇಳ್ತೀನಿ. ಈಗ ಆಚೆ ಸರಿ, ಒದ್ದೆಯಾಗ್ತೀಯ."

ಮಾವ ಎಂಜಿನ್ ಚಾಲೂ ಮಾಡಿದ. ಚಿಲ್ಲರಕ್ಕ ಒದ್ದೆ ಮೆಟ್ಟಿಲು ಹತ್ತಿ ಒಳಗೆ ಹೋದಳು.